ಚಿನ್ನದ ಗಣಿಯ ವೃತ್ತಪತ್ರಿಕೆ

ದ್ವೀಪವೆಂದರೆ ಸುತ್ತಲೂ ನೀರಿರುವ ನೆಲವೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿದ್ದೇವೆ. ಆದರೆ ನೀರಿಲ್ಲದೆಯೂ ದ್ವೀಪಗಳಾಗುವುದುಂಟು. ಒಂದು ಊರಿನವರ ಮಾತು ಸುತ್ತಲಿನ ನಾಡಿನ ಮಾತಲ್ಲದೆ, ಅವರ ಉದ್ಯೋಗ ಸುತ್ತಲಿನ ರೈತರ ಉದ್ಯೋಗವಲ್ಲದೆ, ಅವರ ಯಜಮಾನರು ಸಮುದ್ರದಾಚೆ ಸಾವಿರಾರು ಮೈಲಿ ದೂರದಲ್ಲಿದ್ದರೆ, ಆ ಊರು ನೆಲದ ನಡುವೆಯೇ ದ್ವೀಪವಾಗಿಬಿಡುತ್ತದೆ. ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಪ್ರದೇಶವು ಬಹುಕಾಲ ಅಂಥದೊಂದು ದ್ವೀಪವಾಗಿತ್ತು. ಆ ದ್ವೀಪದ ವೃತ್ತಪತ್ರಿಕೆಯ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನು ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ದೊಡ್ಡ ಪಟ್ಟಣಗಳ ದೊಡ್ಡ ಪತ್ರಿಕೆಗಳನ್ನು ಬಿಟ್ಟು ಇಷ್ಟು ಚಿಕ್ಕ ಸ್ಥಳವೊಂದರ ಪತ್ರಿಕೆಯನ್ನು ಆರಿಸಿಕೊಂಡುದೇಕೆಂದು ಕೇಳಬಹುದು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇರತಕ್ಕ ನಮಗೆ ಬೆಳಗಾಗುತ್ತಲೇ ಕಾಫಿಯೊಡನೆ ಪತ್ರಿಕೆಯೂ ಬರುತ್ತದೆ; ಒಂದು ಬಾರದಿದ್ದರೆ ಮತ್ತೊಂದು ದೊರೆಯುತ್ತದೆ. ಹೀಗೆ ಉಸಿರಿನಂತೆ ಅಭ್ಯಾಸವಾಗಿಹೋದುದನ್ನು ಯಾರೂ ನಿಂತು ಪರೀಕ್ಷಿಸುವುದಿಲ್ಲ. ಚಿಕ್ಕ ಸ್ಥಳದಲ್ಲಿ ಹಾಗಲ್ಲ. ಅಲ್ಲಿ ಪತ್ರಿಕೆಯಿಲ್ಲದಿದ್ದ ಕಾಲವೊಂದು, ಅದು ಬಂದ ಕಾಲವೊಂದು, ನಿಂತುಹೋದ ಕಾಲವೊಂದು ಎಂದು ಮೂರನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಆದುದರಿಂದ ವೃತ್ತಪತ್ರಿಕೆಯು ಜನರಿಗೆ ಮಾಡತಕ್ಕ ಉಪಕಾರವೇನೆಂಬುದು ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಹೋಲಿಕೆಗಾಗಿ ಮೊದಲು ನಿಜವಾದ ದ್ವೀಪವೊಂದನ್ನು ನೋಡಿಬರೋಣ. ಹಿಂದೂ ಮಹಾಸಾಗರದಲ್ಲಿರುವ ಮಾರಿಷಸ್ ದ್ವೀಪದ ವಿಸ್ತೀರ್ಣ ಸುಮಾರು ೭೨೦ ಚದರ ಮೈಲಿ. ಇಷ್ಟು ಚಿಕ್ಕ ನೆಲದಲ್ಲಿ ೧೭೭೩ರಷ್ಟು ಹಿಂದೆಯೇ ಒಂದು ಪತ್ರಿಕೆ ಹೊರಟಿತು. ೧೮೩೨ರಲ್ಲಿ ಆಡ್ರಿಯನ್ ದೆಪಿನೆ ಎಂಬವರು 'ಲೆ ಸೆರ್ನೆಯನ್' ಎಂಬ ಪತ್ರಿಕೆಯನ್ನು ಸ್ಥಾಪಿಸಿದರು. ಅದು ಕಬ್ಬಿನ ತೋಟಗಳ ಒಡೆಯರ ಪಕ್ಷವನ್ನು ಎತ್ತಿಹಿಡಿಯುವ ಪತ್ರಿಕೆ. ೧೮೩೪ರಿಂದ ಆ ತೋಟಗಳಿಗೆ ನಮ್ಮ ದೇಶದ ಕೂಲಿಗಳು ಹಡಗು ಹಡಗಾಗಿ ಹೋಗತೊಡಗಿದರು. ಒಡೆಯರ ಪತ್ರಿಕೆಗೆ ಆ ಕೂಲಿಯು ಒಂದು ವಿಷಯವಾಗಿದ್ದನೇ ಹೊರತು, ಅದರಲ್ಲಿ ಬರೆಯತಕ್ಕವನಾಗಲಿ ಅದನ್ನು ಓದತಕ್ಕವನಾಗಲಿ ಆಗಿರಲಿಲ್ಲ. ಅಲ್ಲಿನ ಭಾರತೀಯರಿಗೆ ತಮ್ಮದೆಂಬ ಪತ್ರಿಕೆ ದೊರೆತುದು ೧೯೦೯ರಲ್ಲಿ. ಗಾಂಧಿಯವರ ಪ್ರೇರಣೆಯಿಂದ ಅಲ್ಲಿಗೆ ಹೋಗಿದ್ದ ಮಣಿಲಾಲ್ ಡಾಕ್ಟರ್ ಎಂಬ ಬ್ಯಾರಿಸ್ಟರು 'ಹಿಂದುಸ್ತಾನಿ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಮೊದಲು ಇಂಗ್ಲಿಷ್ ಮತ್ತು ಗುಜರಾತಿಗಳಲ್ಲಿ ಹೊರಟ ಆ ಪತ್ರಿಕೆ ಮುಂದೆ ಹಿಂದಿಗೂ ಬಂದಿತು. ಕಾರಣ ಸರಳವಾದುದು. ಗುಜರಾತಿಯು ವರ್ತಕರ ಭಾಷೆ; ತೋಟದಲ್ಲಿ ದುಡಿಯುವವರಿಗೆ ಹತ್ತಿರವಾದುದು ಹಿಂದಿ. ಯಾರ ಪತ್ರಿಕೆಯೆಂಬುದನ್ನು ಅದರ ಭಾಷೆಯೇ ಹೇಳುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ದ್ವೀಪಕ್ಕೆ ಬರೋಣ.

ಮದರಾಸಿನಿಂದ ಬೆಂಗಳೂರಿಗೆ ಬರುವ ರೈಲುದಾರಿಯಲ್ಲಿ ಬಂಗಾರಪೇಟೆಯುಂಟು. ಅದಕ್ಕೆ ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರು. ಅಲ್ಲಿಂದ ಒಂದು ಕವಲುದಾರಿ ಊರಿಗಾಂ, ಚಾಂಪಿಯನ್ ರೀಫ್ಸ್‌ಗಳ ಮೇಲೆ ಹಾದು ಮಾರಿಕುಪ್ಪದಲ್ಲಿ ಮುಗಿಯುತ್ತದೆ. ಅದು ಸಿದ್ಧವಾದುದು ೧೮೯೪ರಲ್ಲಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ೧೮೮೦ರಲ್ಲಿ ಈ ಗಣಿಗಳ ಆಡಳಿತಕ್ಕೆ ಕೈಹಾಕಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಹರಿದು ಈ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದುದು ಅನಂತರ. ಮೇಲ್ವಿಚಾರಣೆಯ ಕೆಲಸದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರೂ ಇಟಲಿಯವರೂ ಆಂಗ್ಲೋ ಇಂಡಿಯನ್ನರೂ ಇದ್ದರು. ನೆಲದೊಳಕ್ಕೆ ಇಳಿದು ಬಂಡೆ ಕೊರೆಯತಕ್ಕವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಮೊದಲಾದ ಮದರಾಸು ಪ್ರಾಂತದ ಜಿಲ್ಲೆಗಳಿಂದ ಬಂದ ತಮಿಳು ಆದಿದ್ರಾವಿಡರು. ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯರೆನಿಸಿಕೊಂಡು, ಜೀತದ ಬಾಳನ್ನು ಹಿಂದಕ್ಕೆ ಬಿಟ್ಟು ಬಂದವರು. ಅದೇ ಸೀಮೆಯ ಜನರೇ ಸಿಂಹಳಕ್ಕೂ, ನೇಟಾಲಿಗೂ, ಮಾರಿಷಸ್ಸಿಗೂ ಹಡಗು ಹತ್ತಿದರು. ಇಲ್ಲಿಗೆ ಬಂದವರು ರೈಲು ಹತ್ತಿದರು, ವ್ಯತ್ಯಾಸವಿಷ್ಟೇ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ತೆಲುಗುಗಳು, ಸರ್ಕಾರದ ಕಚೇರಿಯಲ್ಲಿ ಕನ್ನಡ, ಬಂಗಲೆಗಳಲ್ಲಿ ಇಂಗ್ಲಿಷು, ಕೂಲಿಗಳ ಲೈನುಗಳಲ್ಲಿ ತಮಿಳು. ದ್ವೀಪವಾಗುವುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಇಂಥ ಸ್ಥಳಕ್ಕೆ ಸಮಾಚಾರದ ಕೊರತೆಯಿತ್ತೆಂದು ಭಾವಿಸಬಾರದು. ಈ ಗಣಿಗಳು ಹೊರಗಿನ ಪತ್ರಿಕೆಗಳಿಗೆ ಬಹಳ ಬೇಕಾದ ವಸ್ತುವಾಗಿದ್ದುವು. ಕಂಪೆನಿಗಳ ಪಾಲುದಾರರು ಲಂಡನ್ನಿನಲ್ಲಿದ್ದುದರಿಂದ, ಯಾವ ಗಣಿಯಿಂದ ಎಷ್ಟು ಔನ್ಸ್ ಚಿನ್ನ ಹೊರಟಿತು, ಪಾಲಿನ ಬೆಲೆ ಏರಿತೆ ಇಳಿಯಿತೆ, ಲಾಭಾಂಶವೆಷ್ಟು ಎಂಬುದು ಅಲ್ಲಿನ ವಾಣಿಜ್ಯದ ಪುಟಗಳಲ್ಲಿ ಅಚ್ಚಾಗುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ಚಿನ್ನದ ಮೌಲ್ಯದ ಮೇಲೆ ನೂರಕ್ಕೆ ಐದರಂತೆ ರಾಯಲ್ಟಿ ಸಲ್ಲುತ್ತಿದ್ದುದರಿಂದ, ನಮ್ಮ ಕಡೆ ಗಣಿಯೆಂದರೆ ಆಯವ್ಯಯ ಪಟ್ಟಿಯ ಒಂದು ಸಾಲು. ಒಂದೇ ಬಾವಿಯನ್ನು ಲಂಡನ್ನಿನವರು ಔನ್ಸುಗಳಲ್ಲಿ ಓದಿದರು. ನಾವು ರೂಪಾಯಿಗಳಲ್ಲಿ ಓದಿದೆವು. ಅದರೊಳಕ್ಕೆ ಇಳಿಯುವವನು ಅದನ್ನು ಹೇಗೆ ಓದಬೇಕಾಗಿತ್ತೆಂಬುದು ಎರಡು ಕಡೆಯ ಓದುಗರಿಗೂ ತೋಚಲಿಲ್ಲ.

ಅವನಿಗೆ ಬೇಕಾದ ಸಮಾಚಾರವೇ ಬೇರೆ. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಹತ್ತು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರಕ್ಕೆ ಬಂಡೆಯು ತಾನಾಗಿಯೇ ಸಿಡಿಯುವುದುಂಟು. ಸಿಡಿದಾಗ ನೆಲದ ಮೇಲಿನ ಮನೆಗಳು ನಡುಗುತ್ತವೆ, ಅಡಿಗೆಮನೆಯ ಪಾತ್ರೆಗಳು ಸದ್ದುಮಾಡುತ್ತವೆ. ಆ ಊರಿನ ಮೊದಲ ವೃತ್ತಪತ್ರಿಕೆ ಆ ಪಾತ್ರೆಗಳ ಸದ್ದೇ ಎಂದರೆ ತಪ್ಪಾಗಲಾರದು. ಅಪಾಯವಾಗಿದೆಯೆಂಬುದಷ್ಟು ಅದರಿಂದ ತಿಳಿಯುತ್ತಿತ್ತು, ಯಾರಿಗೆಂಬುದು ತಿಳಿಯುತ್ತಿರಲಿಲ್ಲ. ಗಣಿಯ ಬಾಯಿಯ ಬಳಿ ನಿಂತ ಹೆಂಗಸಿಗೆ ಬೇಕಾದುದು ಔನ್ಸುಗಳ ಲೆಕ್ಕವಲ್ಲ, ಸತ್ತವರ ಸಂಖ್ಯೆಯೂ ಅಲ್ಲ. ಅವಳಿಗೆ ಬೇಕಾದುದು ಒಂದು ಹೆಸರು. ಸಮಾಚಾರದ ಮೂಲವಸ್ತು ಹೆಸರೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಸ್ಥಳ ಮತ್ತೊಂದಿಲ್ಲ.

ಈ ಜನರ ಹೆಸರು ಅಚ್ಚಿಗೆ ಬಂದ ಬಗೆ ಹೀಗೆ. ೧೯೦೭ರ ಜೂನ್ ತಿಂಗಳಲ್ಲಿ ಮದರಾಸಿನ ರಾಯಪೇಟೆಯಿಂದ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಹೊರಟಿತು. ಅದನ್ನು ನಡೆಸಿದವರು ಅಯೋತ್ತಿದಾಸ ಪಂಡಿತರು. ೧೮೪೫ರಲ್ಲಿ ಜನಿಸಿದವರು, ವೃತ್ತಿಯಿಂದ ಸಿದ್ಧವೈದ್ಯರು, ಜಾತಿಭೇದವನ್ನು ತಿರಸ್ಕರಿಸಿ ಬೌದ್ಧಮತವನ್ನು ಸ್ವೀಕರಿಸಿದವರು. ಪತ್ರಿಕೆಯ ಬೆಲೆಯೇ ಅದರ ಹೆಸರಾಗಿತ್ತು. ಒಂದು ಪೈಸವೆಂದರೆ ಕಾಲಾಣೆ; ನಮ್ಮ ಕಡೆಯ ಲೆಕ್ಕದಲ್ಲಿ ಮುಕ್ಕಾಸು. ಮುಕ್ಕಾಸಿಗೂ ಬೆಲೆಯಿಲ್ಲವೆಂಬ ತಿರಸ್ಕಾರದ ಮಾತು ನಮ್ಮಲ್ಲಿ ಉಂಟಷ್ಟೆ. ಆ ಮುಕ್ಕಾಸಿಗೆ ವಾರಕ್ಕೊಂದು ಪತ್ರಿಕೆ! ಮರುವರ್ಷ ಅದರ ಹೆಸರು 'ತಮಿಳನ್' ಎಂದು ಚಿಕ್ಕದಾಯಿತು. ಅದರಲ್ಲಿ ದೇಶವರ್ತಮಾನವಿತ್ತು, ಇತಿಹಾಸವನ್ನು ಬೌದ್ಧದೃಷ್ಟಿಯಿಂದ ಹೊಸದಾಗಿ ಹೇಳುವ ಲೇಖನಮಾಲೆಯಿತ್ತು, ಓದುಗರು ಕೇಳಿದ ಪ್ರಶ್ನೆಗಳಿಗೆ ಪಂಡಿತರು ಕೊಟ್ಟ ಉತ್ತರಗಳಿದ್ದುವು.

ಈ ಕಡೆಯ ಭಾಗವನ್ನು ನಾವು ಸ್ವಲ್ಪ ನಿಂತು ನೋಡಬೇಕು. ಪ್ರಶ್ನೆ ಕೇಳುವುದೆಂದರೆ ಬರೆಯುವುದು. ಬರೆಯುವುದೆಂದರೆ ಕೆಳಗೆ ತನ್ನ ಹೆಸರನ್ನೂ ಊರನ್ನೂ ಹಾಕುವುದು. ಕಂಪೆನಿಯ ಪುಸ್ತಕದಲ್ಲಿ ಒಂದು ಅಂಕಿಯಾಗಿ, ಹಳ್ಳಿಯವರ ಬಾಯಲ್ಲಿ ಒಂದು ಜಾತಿಯಾಗಿ ಇದ್ದ ಮನುಷ್ಯನು ಅಚ್ಚಿನ ಪುಟದಲ್ಲಿ ಹೆಸರುಳ್ಳವನಾಗಿ ಕಾಣಿಸಿಕೊಂಡನು. ಪಂಡಿತರ ಬೌದ್ಧಸಂಘಕ್ಕೆ ಮಾರಿಕುಪ್ಪದಲ್ಲಿಯೂ ಚಾಂಪಿಯನ್ ರೀಫ್ಸಿನಲ್ಲಿಯೂ ಗಟ್ಟಿಯಾದ ನೆಲೆ ದೊರೆಯಿತು. ಚಿನ್ನದ ಗಣಿಯು ಅವರ ಪತ್ರಿಕೆಯ ಮುಖ್ಯವಾದ ಓದುಗರಿದ್ದ ಸ್ಥಳಗಳಲ್ಲಿ ಒಂದಾಯಿತು. ಓದು ಬಲ್ಲವನೊಬ್ಬನು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತಲೂ ಕುಳಿತು ಕೇಳುವುದು, ಆ ಕಾಲದ ಪತ್ರಿಕೆಗಳಿಗೆಲ್ಲ ಸಾಮಾನ್ಯವಾಗಿತ್ತು. ಆದುದರಿಂದ ಚಂದಾದಾರರ ಪಟ್ಟಿಯನ್ನು ನೋಡಿ ಓದುಗರನ್ನು ಎಣಿಸಲಾಗದು. ರೇಡಿಯೋ ಬರುವುದಕ್ಕೆ ಮೊದಲೇ ಅಲ್ಲಿ ಶ್ರೋತೃಗಳಿದ್ದರು.

ಪತ್ರಿಕೆಯಿಂದ ಆದ ಪ್ರಯೋಜನ ಬಾಯಿಮಾತಿನದಷ್ಟೇ ಅಲ್ಲ. ೧೯೧೧ರ ಜನಗಣತಿಯ ಕಾಲದಲ್ಲಿ, ಗಣತಿದಾರನು ಬಂದಾಗ ತಮ್ಮನ್ನು ಯಾವ ಹೆಸರಿನಿಂದ ಬರೆಯಿಸಿಕೊಳ್ಳಬೇಕು, ಬೌದ್ಧರಾದವರು ಬೌದ್ಧರೆಂದೇ ಏಕೆ ಹೇಳಬೇಕು ಎಂಬುದನ್ನು ಪಂಡಿತರು ತಮ್ಮ ಬರಹಗಳಲ್ಲಿ ವಾದಿಸಿದರು. ಸರ್ಕಾರದ ಪುಸ್ತಕದಲ್ಲಿ ತನ್ನ ಹೆಸರನ್ನು ಇತರರು ಬರೆದಂತೆ ಒಪ್ಪಿಕೊಳ್ಳದೆ ತಾನೇ ಹೇಳಿ ಬರೆಯಿಸುವುದು ಸಣ್ಣ ವಿಷಯವಲ್ಲ.

೧೯೧೪ರ ಮೇ ತಿಂಗಳಲ್ಲಿ ಅಯೋತ್ತಿದಾಸರು ತೀರಿಕೊಂಡರು. ಆಮೇಲೆ ಪತ್ರಿಕೆ ಕೆಲಕಾಲ ನಡೆದು ನಿಂತುಹೋಯಿತು. ಒಬ್ಬನ ಬಲದ ಮೇಲೆ ನಡೆಯತಕ್ಕ ಪತ್ರಿಕೆಗಳಿಗೆ ಸಾಮಾನ್ಯವಾಗಿ ಆಗುವ ಗತಿ ಇದೇ. ಆದರೆ ಇಲ್ಲಿ ಹಾಗೆಯೇ ಮುಗಿಯಲಿಲ್ಲ. ೧೯೨೬ರಲ್ಲಿ 'ತಮಿಳನ್' ಮತ್ತೆ ಹುಟ್ಟಿತು. ಈ ಸಲ ಮದರಾಸಿನಲ್ಲಿ ಅಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ. ಸಂಪಾದಕರು ಜಿ. ಅಪ್ಪಾದುರೈಯಾರ್, ವಿಳಾಸ ಚಾಂಪಿಯನ್ ರೀಫ್ಸ್. ರಾಜಧಾನಿಯಲ್ಲಿ ಅಚ್ಚಾದುದನ್ನು ರೈಲಿನಲ್ಲಿ ತರಿಸಿಕೊಂಡು ಓದುತ್ತಿದ್ದವರು, ತಾವೇ ಅಚ್ಚುಮಾಡಿ ರೈಲಿನಲ್ಲಿ ಹೊರಕ್ಕೆ ಕಳುಹಿಸತಕ್ಕವರಾದರು. ಪತ್ರಿಕೆಗಳ ಚರಿತ್ರೆಯಲ್ಲಿ ಇದು ಸಾಮಾನ್ಯವಾಗಿ ನಡೆಯುವ ಸಂಗತಿಯಲ್ಲ. ಬುದ್ಧಿಯು ಪಟ್ಟಣದಿಂದ ಹೊರಟು ಹಳ್ಳಿಗಾಡಿಗೆ ಇಳಿಯತಕ್ಕದ್ದೆಂದು ನಾವು ವಿದ್ಯಾವಂತರು ನಂಬಿರುತ್ತೇವೆ. ಇಲ್ಲಿ ನೆಲದ ಕೆಳಗೆ ದುಡಿದವರ ಊರಿನಿಂದ ಅದು ಮೇಲಕ್ಕೆ ಬಂದಿತು. ಅಂಬೇಡ್ಕರ್ ಅವರು ಮರಾಠಿಯಲ್ಲಿ ತಮ್ಮ ಮೊದಲ ಪತ್ರಿಕೆಯಾದ 'ಮೂಕನಾಯಕ'ವನ್ನು ಹೊರಡಿಸಿದುದು ೧೯೨೦ರಲ್ಲಿ. ಚಾಂಪಿಯನ್ ರೀಫ್ಸಿನ ಪತ್ರಿಕೆ ಅದಕ್ಕೆ ಆರು ವರ್ಷ ಕಿರಿದು, ಅದರ ಮದರಾಸಿನ ಜನ್ಮ ಅದಕ್ಕೆ ಹದಿಮೂರು ವರ್ಷ ಹಿರಿದು.

ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ನಡೆಸುವುದು ಆಗ ಸುಲಭವಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ೧೯೦೮ರ ವೃತ್ತಪತ್ರಿಕೆಗಳ ಕಾನೂನಿನ ಪ್ರಕಾರ ಪತ್ರಿಕೆ ಹೊರಡಿಸಬೇಕಾದರೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರು ಅದನ್ನು ಪ್ರತಿಭಟಿಸಿದರು. ಹೆಸರಾಂತ ಪತ್ರಿಕೆಗಳು ನಿಂತುಹೋದುವು. ಈ ಕಥೆಯನ್ನು ಕನ್ನಡ ಪತ್ರಿಕೆಗಳ ಚರಿತ್ರೆಯಲ್ಲಿ ನಾವು ಅಭಿಮಾನದಿಂದ ಹೇಳುತ್ತೇವೆ. ಗಣಿಯ ಪತ್ರಿಕೆ ಹೊರಟುದು ಇದೇ ಸಂಸ್ಥಾನದ ನೆಲದಲ್ಲಿ. ಅದನ್ನು ಮಾತ್ರ ಆ ಚರಿತ್ರೆಯೊಡನೆ ಸೇರಿಸಿ ಹೇಳುವ ವಾಡಿಕೆ ನಮ್ಮಲ್ಲಿ ಬೆಳೆಯಲಿಲ್ಲ.

ಹಾಗೆಂದು ಈ ಪತ್ರಿಕೆಯಲ್ಲಿ ಕುಂದೇ ಇರಲಿಲ್ಲವೆಂದು ಹೇಳಿದರೆ ನಾವು ವಿಮರ್ಶಕರಾಗುವುದಿಲ್ಲ. ಅದು ವರ್ತಮಾನಕ್ಕಿಂತ ವಾದಕ್ಕೆ ಹೆಚ್ಚು ಸ್ಥಳ ಕೊಟ್ಟಿತು. ಬೌದ್ಧಮತದ ಪಕ್ಷ, ಪೆರಿಯಾರರ ಆತ್ಮಗೌರವ ಚಳವಳಿಯ ಸ್ನೇಹ, ಇವುಗಳ ಬಿಸಿಯು ಅದರಲ್ಲಿತ್ತು. ಇತಿಹಾಸವೆಂದು ಅದು ಹೇಳಿದ ಸಂಗತಿಗಳನ್ನೆಲ್ಲ ಇಂದಿನ ಪಂಡಿತರು ಒಪ್ಪಲಾರರು. ಬಡವರ ಚಂದಾಹಣವನ್ನು ನಂಬಿದ ಪತ್ರಿಕೆಯಾದುದರಿಂದ ಅದರ ಆಯುಸ್ಸೂ ದೀರ್ಘವಾಗಲಿಲ್ಲ. ೧೯೩೦ರ ದಶಕವನ್ನು ಅದು ದಾಟಲಿಲ್ಲ. ಆದರೆ ಶಾಂತವಾಗಿ, ನಿಷ್ಪಕ್ಷಪಾತವಾಗಿ ಬರೆಯಬೇಕೆಂಬ ಬೋಧನೆಯನ್ನು ಎಲ್ಲರಿಗೂ ಒಂದೇ ಸಮನಾಗಿ ಮಾಡುವುದು ನ್ಯಾಯವೆ? ತನ್ನ ಮಾತನ್ನು ಕೇಳುವವರಿದ್ದಾರೆಂಬ ಭರವಸೆಯುಳ್ಳವನು ಮೆಲ್ಲನೆ ಮಾತನಾಡಬಲ್ಲನು. ಇದುವರೆಗೆ ಯಾರೂ ಕೇಳದವನು ಕೂಗಿಯೇ ಹೇಳಬೇಕಾಗುತ್ತದೆ.

ಆ ಕೂಗಿನ ಹಿಂದೆ ಇದ್ದುದೇನೆಂಬುದಕ್ಕೆ ೧೯೩೦ರ ಏಪ್ರಿಲ್ ತಿಂಗಳಲ್ಲಿ ಗಣಿಗಳಲ್ಲಿ ನಡೆದ ದೊಡ್ಡ ಮುಷ್ಕರವು ಸಾಕ್ಷಿಯಾಗಿದೆ. ಕೆಲಸಗಾರರನ್ನು ನೋಂದಾಯಿಸಿ ಅವರ ಹೆಬ್ಬೆಟ್ಟಿನ ಗುರುತನ್ನು ತೆಗೆದುಕೊಳ್ಳಬೇಕೆಂಬ ಏರ್ಪಾಡಾಯಿತು. ಕೆಲಸಗಾರರು ಒಪ್ಪಲಿಲ್ಲ. ಬೆರಳಿನ ಗುರುತು ತೆಗೆಯುವುದು ಅಪರಾಧಿಗಳಿಂದ. ನಾವು ಅಪರಾಧಿಗಳಲ್ಲವೆಂಬುದು ಅವರ ಭಾವನೆ. ಕಾನೂನು ಒಪ್ಪಿದ ಕಾರ್ಮಿಕ ಸಂಘಗಳು ಸಂಸ್ಥಾನದಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೂ ಸಾವಿರಾರು ಜನರು ಒಂದೇ ಮನಸ್ಸಿನಿಂದ ಕೆಲಸಕ್ಕೆ ಇಳಿಯದೆ ನಿಂತರು. ಪತ್ರಿಕೆಯೇ ಇದನ್ನು ಮಾಡಿಸಿತೆಂದು ಹೇಳುವುದು ಅತ್ಯುಕ್ತಿಯಾದೀತು. ಆದರೆ ಅಚ್ಚಿನಲ್ಲಿ ತಮ್ಮವರ ಹೆಸರುಗಳನ್ನು ಕಂಡು ಬೆಳೆದ ಒಂದು ತಲೆಮಾರು ಆಗ ಅಲ್ಲಿತ್ತು. ಹೆಸರಿರುವವನಿಗೆ ಹೆಬ್ಬೆಟ್ಟನ್ನು ಒತ್ತೆಂದರೆ ಅವನು ಹಿಂದೆಗೆಯುವುದು ಸಹಜವಲ್ಲವೆ?

ಈಚೆಗೆ ನಾವು ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪದ ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋಗಿದ್ದೆವು. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿಹೋದುವು. ಕೂಗುವ ಸೈರನ್ನಿಲ್ಲ, ಚಿನ್ನ ತೆಗೆದು ಉಳಿದ ಬೂದುಬಣ್ಣದ ಮಣ್ಣಿನ ಗುಡ್ಡಗಳು ಮಾತ್ರ ಇವೆ. ಬೆಳಗಿನ ರೈಲಿನಲ್ಲಿ ಊರಿನ ಯುವಕರು ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಹಿಂತಿರುಗುತ್ತಾರೆ. ಒಬ್ಬ ವೃದ್ಧರು ತಮ್ಮ ಮನೆಯ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಕೆಲವು ಹಳೆಯ ಹಾಳೆಗಳನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ಹಾಳೆಯ ಅಂಚು ಮುಟ್ಟಿದರೆ ಪುಡಿಯಾಗುವಂತಿತ್ತು. ನಾವು ತಿರುಗಿಸಿ ತಿರುಗಿಸಿ ನೋಡಿದೆವು. "ಕಾಲೇಜಿನಲ್ಲಿ ಪಾಠ ಹೇಳುತ್ತೀರಿ, ಇದನ್ನು ಓದೋದಕ್ಕೆ ಬರೋದಿಲ್ಲವಾ ಸಾರ್?" ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ; ನಿಜವಾದ ಆಶ್ಚರ್ಯವಿತ್ತು. ಷೇಕ್ಸ್‌ಪಿಯರನನ್ನು ಇಪ್ಪತ್ತು ವರ್ಷ ಬೋಧಿಸಿದ ನಾವು, ನಮ್ಮ ಮನೆಯಿಂದ ಅರವತ್ತು ಮೈಲಿಯೊಳಗೆ ಅಚ್ಚಾದ ಕಾಗದವನ್ನು ಓದಲಾರದೆ ಕುಳಿತಿದ್ದೆವು. ಅವರೇ ಬೆರಳಿಟ್ಟು ಓದಿ ಕನ್ನಡದಲ್ಲಿ ಅರ್ಥ ಹೇಳಿದರು. ಅವರಿಗೆ ಎರಡು ಭಾಷೆಗಳೂ ಬರುತ್ತಿದ್ದುವು. ದ್ವೀಪದಲ್ಲಿದ್ದವರು ಯಾರೆಂಬ ಪ್ರಶ್ನೆ ಆಗ ನಮ್ಮನ್ನು ಬಾಧಿಸಿತು.

ಕನ್ನಡದ ಪತ್ರಿಕಾಪ್ರಪಂಚಕ್ಕೂ ಈ ಸ್ಥಳಕ್ಕೂ ನಂಟೇ ಇರಲಿಲ್ಲವೆಂದಲ್ಲ. ಪತ್ರಿಕಾವೃತ್ತಿಗೆ ಗೌರವ ತಂದುಕೊಟ್ಟ ಡಿ. ವಿ. ಗುಂಡಪ್ಪನವರು ಇದೇ ಜಿಲ್ಲೆಯ ಮುಳಬಾಗಿಲಿನವರು. ತಾರುಣ್ಯದಲ್ಲಿ ಕೆಲವು ಕಾಲ ಈ ಗಣಿಯ ಊರಿನ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದವರು. ಇಷ್ಟು ಹತ್ತಿರವಿದ್ದೂ ಎರಡು ಭಾಷೆಗಳ ಪತ್ರಿಕೆಗಳ ನಡುವೆ ಸೇತುವೆ ಕಟ್ಟಲ್ಪಡಲಿಲ್ಲ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದಿಂದ ನಮ್ಮ ಪತ್ರಿಕೆಗಳ ಚರಿತ್ರೆಯನ್ನು ಆರಂಭಿಸುತ್ತೇವೆ. ಜರ್ಮನಿಯಿಂದ ಬಂದವರನ್ನು ಹಿರಿಯರೆಂದು ಒಪ್ಪಿಕೊಳ್ಳುವ ಔದಾರ್ಯ ನಮಗಿದೆ. ಉತ್ತರ ಆರ್ಕಾಟಿನಿಂದ ಬಂದವರಿಗೂ ಅದು ಸಲ್ಲಬೇಡವೆ?

ಈಗ ಚಿನ್ನದ ಗಣಿಯೆಂದರೆ ಊರೂರಿನ ಮಕ್ಕಳಿಗೂ ಗೊತ್ತು. ೨೦೧೮ರಲ್ಲಿಯೂ ೨೦೨೨ರಲ್ಲಿಯೂ ಆ ಹೆಸರಿನಿಂದ ಹೊರಬಂದ ಚಲನಚಿತ್ರಗಳು ದೇಶವನ್ನೆಲ್ಲ ಸುತ್ತಿದುವು. ಅವು ಕಲ್ಪಿತ ಕಥೆಗಳು; ಕಥೆಯನ್ನು ಕಥೆಯಾಗಿ ನೋಡಿ ಸಂತೋಷಪಡುವುದರಲ್ಲಿ ತಪ್ಪಿಲ್ಲ. ಆದರೆ ಊರಿನವರು ತಾವೇ ಬರೆದುಕೊಂಡುದು ಕೈಗೆ ಸಿಗದಿದ್ದಾಗ, ಹೊರಗಿನವರು ಕಟ್ಟಿದುದೇ ಅವರ ಚರಿತ್ರೆಯಾಗಿ ನಿಲ್ಲುತ್ತದೆ. ಮೊದಲು ಔನ್ಸುಗಳಾಗಿ, ಆಮೇಲೆ ರೂಪಾಯಿಗಳಾಗಿ ಕಂಡವರು ಈಗ ತೆರೆಯ ಮೇಲಿನ ನೆರಳುಗಳಾಗಿ ಕಾಣುತ್ತಾರೆ.

ಮಾಡಬೇಕಾದ ಕೆಲಸವು ಅಸಾಧ್ಯವಾದುದಲ್ಲ. ಅನುಯಾಯಿಗಳ ಮನೆಗಳಲ್ಲಿ ಉಳಿದಿದ್ದ ಹಳೆಯ ಸಂಚಿಕೆಗಳ ಬಲದಿಂದ ತಮಿಳಿನಲ್ಲಿ ಅಯೋತ್ತಿದಾಸರ ಬರಹಗಳು ಮತ್ತೆ ಬೆಳಕಿಗೆ ಬಂದಿವೆ; ಜಿ. ಅಲೋಷಿಯಸ್ ಅವರು ಸಂಪಾದಿಸಿದ ಸಂಪುಟಗಳು ೧೯೯೯ರಿಂದ ಪ್ರಕಟವಾದುವು. ಚಾಂಪಿಯನ್ ರೀಫ್ಸಿನ ಸಂಚಿಕೆಗಳಲ್ಲಿ ದೊರೆಯುವಷ್ಟನ್ನು ಹುಡುಕಿ, ಛಾಯಾಪ್ರತಿ ತೆಗೆಯಿಸಿ, ನಮ್ಮ ಪುಸ್ತಕಭಂಡಾರಗಳಲ್ಲಿ ಇಡಬೇಕು. ಅವುಗಳಲ್ಲಿ ಆಯ್ದ ಭಾಗಗಳನ್ನು ಕನ್ನಡಕ್ಕೆ ತರಬೇಕು. ಕೋಲಾರದಲ್ಲಿ ಎರಡು ಭಾಷೆಗಳನ್ನೂ ಬಲ್ಲವರಿಗೆ ಬರವಿಲ್ಲ. ಅದಕ್ಕಿಂತ ಮೊದಲು, ನಮ್ಮ ವಿದ್ಯಾರ್ಥಿಗಳಿಗೆ ಕಲಿಸತಕ್ಕ ಪತ್ರಿಕೆಗಳ ಪಟ್ಟಿಯಲ್ಲಿ ಆ ಒಂದು ಹೆಸರನ್ನು ಸೇರಿಸಬೇಕು. ಇದಕ್ಕೆ ಹಣವೇನೂ ಬೇಕಾಗಿಲ್ಲ.

ಆ ದಿನ ನಾವು ಹೊರಡುವಾಗ ವೃದ್ಧರು ಹಾಳೆಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, ಒಂದು ಪುಟದ ಕೆಳಗಿದ್ದ ಸಾಲನ್ನು ತೋರಿಸಿದರು. ಚಂದಾ ಕೊಟ್ಟವರ ಹೆಸರುಗಳು. ಅದರಲ್ಲಿ ಒಂದು ಅವರ ತಾತನದು. ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಟ್ಟಿದ್ದು, ಆಮೇಲೆ ಗಂಟನ್ನು ಕಟ್ಟಿದರು.